ಹತ್ತೊಂಬತ್ತು ಸಾವಿರ ಅಡಿಯ ಸನ್ಮಾನ

ಹೊನ್ನಾವರದ ಪಕ್ಕದ ಕಾಸರಕೋಡಿನ ಮಾಬ್ಲನಿಗೆ ಊರು ಕೊಟ್ಟ ಮರ್ಯಾದೆ ಇಷ್ಟೇ: ಬಸ್ ಸ್ಟ್ಯಾಂಡಿನಲ್ಲಿ ಸೀಟಿ ಊದುವ ಕಂಟ್ರೋಲರ್ ಇದ್ದ ಹಾಗೆ, ಇವನು ವಿಮಾನಕ್ಕೆ. ಮೀನು ಮಾರುವ ಮಾಸ್ತಮ್ಮನ ಮಗ ಕುಮಟೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಪಾಸಾಗಿ, ಎಪ್ಪತ್ತೆರಡರಲ್ಲಿ ದೂರದ ದೊಡ್ಡ ಪಟ್ಟಣದ ವಿಮಾನ ನಿಲ್ದಾಣದಲ್ಲಿ ಸರ್ಕಾರಿ ನೌಕರಿ ಹಿಡಿದಿದ್ದ. ಅದೇ ಕೋಣೆಯಲ್ಲಿ ಅವನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹೊನ್ನಾವರದ ತೋಟದ ಮನೆಯ ಕೃಷ್ಣಾನಂದ ಮಾತ್ರ ‘ವಿಮಾನ ಇಲಾಖೆಯ ದೊಡ್ಡ ಆಫೀಸರು’. ಒಂದು ಕುರ್ಚಿ ಬಸ್ ಸ್ಟ್ಯಾಂಡಿನಲ್ಲಿ, ಪಕ್ಕದ್ದು ಇಂದ್ರಸಭೆಯಲ್ಲಿ. ನಮ್ಮ ಊರವರ ಕಣ್ಣೇ ಹಾಗೆ.

ತಾಯಿಗಾದರೂ ತಿಳಿಯಲಿ ಎಂದು ಮಾಬ್ಲ ಒಮ್ಮೆ ರಜೆಯಲ್ಲಿ ಬಂದಾಗ, ವಿಮಾನಗಳು ಒಂದಕ್ಕೊಂದು ತಾಗದಂತೆ ನೋಡುವ ತನ್ನ ಕೆಲಸವನ್ನು ವಿವರಿಸಿದ್ದ. ಮಾಸ್ತಮ್ಮ ಒಣಮೀನು ತಿರುವಿ ಹಾಕುತ್ತಲೇ ಕೇಳಿದಳು.

“ಅಷ್ಟು ದೊಡ್ಡ ಬಾನು ಇರೂವಾಗ ಅವ್ಕೆ ಡಿಕ್ಕಿ ಹೊಡ್ಕಳೂಕೆ ಎಂತ ದಾಡಿ? ಓಡ್ಸೋರಿಗೆ ಕಣ್ಣಿಲ್ವ?”

“ಸಮುದ್ರನೂ ದೊಡ್ಡದೇ ಅಲ್ವ ಅಬ್ಬೆ? ಆದ್ರೂ ದೋಣಿ ಎಲ್ಲ ಹೊಳೆ ಸೇರೂ ಅಳಿವೆ ಬಾಯಾಗೇ ಒಳಗೆ ಬರ್ಬೇಕಲ್ಲ. ತಾಗೂದು ಅಲ್ಲೇ.”

“ಹಂಗಾರೆ ಅಳಿವೆ ಬಾಯಾಗೆ ನಿಂತ್ಕಂಡು ಕೂಗೂ ಕೆಲ್ಸ ನಿಂದು. ಅದ್ಕೆ ಬಿ.ಎಸ್ಸಿ. ಯಾಕೆ ಬೇಕಿತ್ತು?”

ಕೆಲಸ ಕೂಗುವುದಕ್ಕಿಂತ ಸ್ವಲ್ಪ ಹೆಚ್ಚಿನದಿತ್ತು. ವಿಮಾನ ಎಲ್ಲಿದೆ ಎಂದು ತೋರಿಸುವ ರೇಡಾರ್ ಆಗ ಆ ದಾರಿಯಲ್ಲಿ ಇರಲಿಲ್ಲ. ಪ್ರತಿ ವಿಮಾನಕ್ಕೂ ಒಂದು ಉದ್ದನೆಯ ಕಾಗದದ ಪಟ್ಟಿ. ಅದರ ಮೇಲೆ ವಿಮಾನದ ಎತ್ತರ, ಯಾವ ಜಾಗವನ್ನು ಎಷ್ಟು ಹೊತ್ತಿಗೆ ದಾಟಬಹುದೆಂಬ ಅಂದಾಜು. ಪೈಲಟ್ ರೇಡಿಯೋದಲ್ಲಿ ತಾನು ಆ ಜಾಗ ದಾಟಿದ್ದನ್ನು ಹೇಳಿದ ಮೇಲೆಯೇ ಪಟ್ಟಿಗೆ ಗೀಟು ಹಾಕಬೇಕು. ಆಮೇಲೆಯೇ ಆ ಎತ್ತರವನ್ನು ಎದುರು ಬರುವ ವಿಮಾನಕ್ಕೆ ಬಿಟ್ಟುಕೊಡಬೇಕು. ಪಟ್ಟಿ ಬರೆಯುವುದು ಮಾಬ್ಲ, ಮೈಕು ಕೃಷ್ಣಾನಂದನದು. ತಾನೂ ಒಂದು ದಿನ ಆ ಮೈಕಿನ ಮುಂದೆ ಕೂರಬೇಕೆಂಬುದೊಂದೇ ಮಾಬ್ಲನ ಆಸೆ. ಅದರ ಪರೀಕ್ಷೆಗೆ ಮೂರು ವರ್ಷದಿಂದ ಓದುತ್ತಿದ್ದ.

ಎಂಬತ್ತೊಂದರ ನವೆಂಬರಿನ ಒಂದು ಬೆಳಿಗ್ಗೆ ಕೃಷ್ಣಾನಂದನ ಕಿವಿಯಲ್ಲಿ ರೇಡಿಯೋ ಇರಲಿಲ್ಲ, ಟೆಲಿಫೋನ್ ಇತ್ತು. ಕುಮಟೆಯ ಶ್ರೀಮಂತರು ನಾಗಪತಿ ಹೆಗಡೆಯವರು ಅಂದಿನ ವಿಮಾನದಲ್ಲಿ ಬರುತ್ತಿದ್ದರು. ಇಳಿದೊಡನೆ ಅವರಿಗೆ ಕಾರು ಸಿಗಬೇಕು, ಅದೂ ಬಿಳಿಯ ಕಾರೇ ಆಗಬೇಕು. ಆ ಬಿಳಿಯ ಕಾರಿನ ಗಡಿಬಿಡಿಯಲ್ಲಿ ಕೃಷ್ಣಾನಂದ ಗಡಿಯಾರ ನೋಡಿದ, ಹೆಗಡೆಯವರ ವಿಮಾನ ಇಷ್ಟು ಹೊತ್ತಿಗೆ ದಾಟಿರಲೇಬೇಕೆಂದು ತಾನೇ ತೀರ್ಮಾನಿಸಿ ಪಟ್ಟಿಗೆ ಗೀಟು ಎಳೆದ. ಎದುರಿನಿಂದ ಏರುತ್ತಿದ್ದ ವಿಮಾನಕ್ಕೆ ‘ಹತ್ತೊಂಬತ್ತು ಸಾವಿರ ಅಡಿಗೆ ಏರಿ’ ಎಂದು ಹೇಳಿ ಮತ್ತೆ ಫೋನಿಗೆ ಕಿವಿ ಕೊಟ್ಟ.

ಹೆಗಡೆಯವರ ವಿಮಾನ ಅದೇ ಹತ್ತೊಂಬತ್ತು ಸಾವಿರ ಅಡಿಯಲ್ಲಿತ್ತು. ಎದುರುಗಾಳಿಯಿಂದ ಐದು ನಿಮಿಷ ತಡವಾಗುತ್ತದೆಂದು ಅದರ ಪೈಲಟ್ ಆಗಲೇ ಹೇಳಿದ್ದ. ಕೇಳಿಸಿಕೊಂಡವನು ಮಾಬ್ಲ ಒಬ್ಬನೇ. ಅವನು “ಸಾರ್” ಎಂದ. ಕೃಷ್ಣಾನಂದ ಕೈಸನ್ನೆಯಿಂದ ಸುಮ್ಮನಿರಿಸಿದ. ಇನ್ನೊಮ್ಮೆ ಕರೆಯುವಷ್ಟು ಹೊತ್ತು ಇರಲಿಲ್ಲ. ಮಾಬ್ಲ ಮೈಕನ್ನು ಕಿತ್ತುಕೊಂಡು, ಏರುತ್ತಿದ್ದ ವಿಮಾನಕ್ಕೆ ಹದಿನೆಂಟು ಸಾವಿರದಲ್ಲೇ ನಿಲ್ಲಲು ಹೇಳಿದ. ಅದು ನಿಂತಿತು. ಎರಡು ನಿಮಿಷದ ನಂತರ ಎರಡೂ ಒಂದರ ಮೇಲೊಂದು ದಾಟಿಹೋದವು, ನಡುವೆ ಸಾವಿರ ಅಡಿ ಬಿಟ್ಟು. ಮಾಬ್ಲ ಮೈಕನ್ನು ಮೇಜಿನ ಮೇಲಿಟ್ಟು, ಪಟ್ಟಿಯ ಮೇಲೆ ಸರಿಯಾದ ಹೊತ್ತು ಬರೆದ.

ಬಹುಮಾನವಾಗಿ ಅವನಿಗೆ ಸಿಕ್ಕಿದ್ದು ಮೇಲಧಿಕಾರಿಗಳ ಮೆಮೋ. ಅಧಿಕಾರವಿಲ್ಲದೆ ಮೈಕು ಬಳಸಿದ್ದೇಕೆ? ಒಪ್ಪುವಂಥ ಉತ್ತರ ಕೊಡುವವರೆಗೆ ಪರೀಕ್ಷೆಗೆ ಕೂರುವಂತಿಲ್ಲ.

ಇತ್ತ ಹೆಗಡೆಯವರು ಕಿಟಕಿಯಿಂದ ಕೆಳಗೆ ಹಾದುಹೋದ ವಿಮಾನ ಕಂಡಿದ್ದರು. ಭಟ್ಕಳದಲ್ಲಿ ಅವರು ಕತೆ ಹೇಳುವಾಗ ಅಂತರ ನೂರು ಅಡಿಯಿತ್ತು, ಕುಮಟೆ ಮುಟ್ಟುವಷ್ಟರಲ್ಲಿ ಆಚೆ ಪೈಲಟ್‌ನ ಮೀಸೆ ಕಾಣತೊಡಗಿತು. ‘ನಮ್ಮ ಕೃಷ್ಣಾನಂದ ಇಲ್ಲದಿದ್ದರೆ ನಾನೆಲ್ಲಿ ಇರುತ್ತಿದ್ದೆ?’ ಎಂದು ಹೋದಲ್ಲೆಲ್ಲ ಹೇಳಿದರು. ಮಾತು ನಿಜವೇ, ಕೃಷ್ಣಾನಂದ ಇಲ್ಲದಿದ್ದರೆ ಅವರು ನೆಮ್ಮದಿಯಾಗಿ ಚಹಾ ಕುಡಿಯುತ್ತ ಇಳಿಯುತ್ತಿದ್ದರು. ಆದರೆ ಊರಿಗೆ ಒಬ್ಬ ವೀರ ಬೇಕಾಗಿತ್ತು. ಹೊನ್ನಾವರದಲ್ಲಿ ಸನ್ಮಾನದ ದಿನ ನಿಗದಿಯಾಯಿತು.

ಆ ದಿನ ಮಾಬ್ಲ ರಜೆಯ ಮೇಲೆ ಮನೆಯಲ್ಲೇ ಇದ್ದ. ಸಭೆಗೆ ಮುಂಚೆ ಕೃಷ್ಣಾನಂದ ಅವನನ್ನು ವೇದಿಕೆಯ ಹಿಂದೆ ಕರೆಸಿಕೊಂಡು ಟೈಪು ಮಾಡಿದ ಹಾಳೆಯೊಂದನ್ನು ಮುಂದೆ ಹಿಡಿದ.

“ನನ್ನ ಅಪ್ಪಣೆ ಮೇರೆಗೇ ನೀನು ಮೈಕಲ್ಲಿ ಮಾತಾಡಿದ್ದು ಅಂತ ಒಂದು ಸಹಿ ಹಾಕು ಮಾರಾಯ. ನಿನ್ನ ಮೆಮೋ ಹೋಗ್ತದೆ, ನೀನು ಪರೀಕ್ಷೆಗೆ ಕೂರು. ನಂಗೂ ಹೆಡ್ ಆಫೀಸಿಗೆ ಪ್ರಮೋಶನ್ ಆಗ್ತದೆ.”

“ಅಲ್ಲಿ ಮೈಕು ಇರ್ತದಾ ಸಾರ್?”

“ಮೈಕು ಎಂತಕ್ಕೆ? ಅಲ್ಲಿ ಬರೀ ಫೈಲು.”

ಮಾಬ್ಲ ಹಾಳೆಯನ್ನು ಎರಡು ಸಲ ಓದಿದ. ಸಹಿ ಹಾಕದಿದ್ದರೆ ಮರ್ಯಾದೆ ಉಳಿಯುತ್ತದೆ. ಈ ಮನುಷ್ಯನೂ ಮೈಕಿನ ಮುಂದೆಯೇ ಉಳಿಯುತ್ತಾನೆ, ಫೋನು ಹಿಡಿದುಕೊಂಡು. ಫೈಲಿಗೆ ಫೈಲು ಡಿಕ್ಕಿ ಹೊಡೆದರೆ ಯಾರೂ ಸಾಯುವುದಿಲ್ಲ. ಅವನು ಸಹಿ ಹಾಕಿ, ಪೆನ್ನನ್ನು ಮುಟ್ಟಬಾರದ್ದನ್ನು ಮುಟ್ಟಿದವನಂತೆ ಹಿಂದಿರುಗಿಸಿದ.

ಸಭೆಯಲ್ಲಿ ಮಾಸ್ತಮ್ಮ ಒಗೆದ ಸೀರೆ ಉಟ್ಟು ಕೊನೆಯ ಸಾಲಿನಲ್ಲಿ ಕೂತಿದ್ದಳು. ಮಾಬ್ಲ ಹೋಗಿ ಪಕ್ಕದಲ್ಲಿ ಕೂತ. ಮಾನಪತ್ರ ಓದುತ್ತಿದ್ದರು: ಧೀರ, ಸಮಯಪ್ರಜ್ಞೆಯುಳ್ಳವ, ಊರಿನ ಕೀರ್ತಿ ಬೆಳಗಿದವ.

“ಆ ದಿನ ನೀನೂ ಅಲ್ಲೇ ಇದ್ದಿದ್ಯ ಮಗಾ?”

“ಇದ್ದೆ.”

“ನೀ ಎಂತ ಮಾಡ್ದೆ?”

ಹಾಳೆಯ ಮೇಲಿನ ಶಾಯಿ ಇನ್ನೂ ಒಣಗಿರಲಿಲ್ಲ. “ಅವ್ರು ಹೇಳ್ದಂಗೆ ಮಾಡ್ದೆ ಅಬ್ಬೆ,” ಎಂದ.

“ಆತು ಬಿಡು. ಎಲ್ಲರೂ ಅವ್ರ ಹಂಗೆ ಆಗೂಕಾತದಾ?” ಎಂದು ಮಾಸ್ತಮ್ಮ ನಿಟ್ಟುಸಿರು ಬಿಟ್ಟಳು.

ಹೆಗಡೆಯವರು ಶಾಲು ಹೊದಿಸಿದರು. ಇಡೀ ಸಭೆಗೆ ಕೇಳುವಂತೆ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ. ಮಗ ಕೈ ಕಟ್ಟಿ ಕೂತದ್ದನ್ನು ಕಂಡು ಮೊಣಕೈಯಿಂದ ತಿವಿದಳು.

“ತಟ್ಟಾ, ಜನ ನೋಡ್ತರು. ಹೊಟ್ಟೆಕಿಚ್ಚು ಅಂದ್ಕಂತರು.”

ಮಾಬ್ಲ ತಟ್ಟಿದ.