ಹಿಡಿ ಅಡಿಕೆಗೆ ರಸೀದಿ

ನನ್ನ ಹಿಡಿಗೆ ಬಿಸಿಲಲ್ಲಿ ಒಣಗಿಸಿದ ಹದಿಮೂರು ಚಾಲಿ ಅಡಿಕೆ ಹಿಡಿಯುತ್ತಿದ್ದವು. ಅಡಿಕೆ ದಲಾಲರಾದ ಸದಾಶಿವಪ್ಪನವರ ಹಿಡಿಗೆ ಇಪ್ಪತ್ತು. ಅವರೊಬ್ಬರೇ ಇದ್ದಾಗ ಒಂದು ಮಧ್ಯಾಹ್ನ ನಾನು ಎಣಿಸಿ ನೋಡಿದ್ದೆ. ಅವರು ಹಿಡಿದದ್ದನ್ನು ಅವರ ಕೈಯಿಂದಲೇ ಕೇಳಿ ಪಡೆದು ಎಣಿಸಿದೆ. ಅವರು ನಕ್ಕು, ‘ಎಂ.ಎ. ಮಾಡಿದೋರು ಇದನ್ನೂ ಎಣಿಸ್ತೀರಾ ಮೇಡಂ?’ ಎಂದರು. ಆಗಿನ್ನೂ ನಮ್ಮ ನಡುವೆ ಜಗಳವಿರಲಿಲ್ಲ.

ಅದು ೧೯೭೯ರ ಬೇಸಿಗೆ. ಸಾಗರ ಪೇಟೆಯ ಒಂದು ಅಡಿಕೆ ಮಾರುಕಟ್ಟೆ ಪ್ರಾಂಗಣದಲ್ಲಿ ನಾನು ಮೇಲ್ವಿಚಾರಕಿಯಾಗಿದ್ದೆ. ಪ್ರಾಂಗಣದ ಹೆಸರು ಇಲ್ಲಿ ಬೇಡ. ನೌಕರಿ ಇನ್ನೂ ಪ್ರೊಬೇಷನ್ನಿನಲ್ಲಿತ್ತು. ಅಲ್ಲಿ ಟೇಬಲ್ಲಿನ ಹಿಂದೆ ಕೂತ ಹೆಂಗಸು ನಾನೊಬ್ಬಳೇ.

ಓದುಗರಿಗೆ ಟೆಂಡರ್ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಬೆಳೆಗಾರ ತನ್ನ ಅಡಿಕೆಯನ್ನು ಒಂದು ಮಂಡಿಯಲ್ಲಿ, ಅಂದರೆ ದಲಾಲರ ಅಂಗಡಿಯಲ್ಲಿ ತಂದಿಡುತ್ತಾನೆ. ಒಬ್ಬ ಬೆಳೆಗಾರನ ಮೂಟೆಗಳಿಗೆಲ್ಲ ಸೇರಿ ಒಂದು ಲಾಟ್ ನಂಬರು. ಟೆಂಡರ್ ದಿನ ಖರೀದಿದಾರರು ಮಂಡಿಯಿಂದ ಮಂಡಿಗೆ ಹೋಗಿ, ಮೂಟೆಯ ಬಾಯಿ ಬಿಚ್ಚಿ ನೋಡಿ, ತಮ್ಮ ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಹೆಚ್ಚು ಬರೆದವರಿಗೆ ಮಾಲು. ಈ ವ್ಯವಹಾರಕ್ಕೆ ಮಾರುಕಟ್ಟೆ ಶುಲ್ಕವಿದೆ, ದಲಾಲರಿಗೆ ಕಮಿಷನ್ ಇದೆ. ನೂರಕ್ಕೆ ಎಷ್ಟು, ಯಾರು ಕೊಡಬೇಕು ಎಂಬುದು ಬೋರ್ಡಿನ ಮೇಲೆ ಬರೆದಿರುತ್ತದೆ. ಎರಡಕ್ಕೂ ರಸೀದಿಯಿದೆ.

ಬೋರ್ಡಿನ ಮೇಲೆ ಇಲ್ಲದ ಮೂರನೆಯದೊಂದಿತ್ತು. ಅದು ಹಿಡಿ ಅಡಿಕೆ. ಲಾಟಿನಲ್ಲಿ ಎಷ್ಟೇ ಮೂಟೆಯಿರಲಿ, ಖರೀದಿದಾರ ಒಂದು ಮೂಟೆಯಿಂದ ಒಂದು ಹಿಡಿ ತೆಗೆದು, ಒಂದೆರಡನ್ನು ಅಡಕತ್ತರಿಯಲ್ಲಿ ಒಡೆದು ಒಳಗಿನ ಬಣ್ಣ ನೋಡುತ್ತಾನೆ. ಉಳಿದದ್ದು ಮೂಟೆಗೆ ವಾಪಸ್ ಹೋಗುತ್ತಿರಲಿಲ್ಲ. ಪಕ್ಕದಲ್ಲೇ ಮಂಡಿಯವರು ಇಟ್ಟ ಬುಟ್ಟಿಗೆ ಬೀಳುತ್ತಿತ್ತು. ಕೇಳಿದರೆ ಗುಡಿಸುವ ಖರ್ಚು, ಹಮಾಲರ ಚಾ, ಮಂಡಿಯ ದೇವರ ದೀಪ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅಪ್ಪನ ಕಾಲದಿಂದ ನಡೆದು ಬಂದದ್ದು ಎಂಬುದನ್ನು ಮಾತ್ರ ಎಲ್ಲರೂ ಹೇಳುತ್ತಿದ್ದರು.

ಎಂ.ಎ. ಅರ್ಥಶಾಸ್ತ್ರದಲ್ಲಿ ವಾಯಿದೆ ಪೇಟೆಗಳ ಬಗ್ಗೆ ಓದಿದ್ದೆ. ಮಾಲನ್ನಲ್ಲ, ಮುಂದೊಂದು ದಿನ ಇಂತಿಷ್ಟು ದರಕ್ಕೆ ಅದನ್ನು ಕೊಳ್ಳುವ ಹಕ್ಕನ್ನಷ್ಟೇ ಮಾರುವ ಪೇಟೆಗಳು ಪರದೇಶದಲ್ಲಿವೆ. ಆಪ್ಷನ್ ಎನ್ನುತ್ತಾರೆ. ಅಲ್ಲಿ ಪ್ರತಿ ವ್ಯವಹಾರಕ್ಕೂ ಪೇಟೆಗೆ ಶುಲ್ಕ ಕೊಡಬೇಕು. ವ್ಯವಹಾರವೊಂದಕ್ಕೆ ಇಷ್ಟೇ ಎಂದು ಶುಲ್ಕ ನಿಂತುಬಿಟ್ಟರೆ ದೊಡ್ಡವನಿಗೆ ಅದು ತಿಳಿಯುವುದೇ ಇಲ್ಲ, ಸಣ್ಣವನನ್ನು ಮಾತ್ರ ಕಚ್ಚುತ್ತದೆ ಎಂದು ನಮ್ಮ ಮೇಷ್ಟರು ಹೇಳಿದ್ದರು. ಪರೀಕ್ಷೆಗೆ ಅದನ್ನು ಬರೆದು ಅಂಕ ಪಡೆದಿದ್ದೆ. ಅದೇ ಪಾಠ ನನ್ನೆದುರು ಬುಟ್ಟಿಯಲ್ಲಿ ಬೀಳುತ್ತಿದ್ದದ್ದು ನನಗೆ ಬಹಳ ದಿನ ಕಾಣಲಿಲ್ಲ.

ತೋರಿಸಿದ್ದು ಕಮಲಮ್ಮ. ಹೊಸನಗರ ತಾಲೂಕಿನ ನಿಟ್ಟೂರು ಕಡೆಯವರು, ನಲವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ಮೊದಲ ಬಾರಿಗೆ ತಾವೇ ಬಸ್ಸಿನ ಮೇಲೆ ಮಾಲು ಹಾಕಿಸಿಕೊಂಡು ಬಂದಿದ್ದರು. ಒಂದೇ ಮೂಟೆ ಚಾಲಿ. ಅವರ ವರ್ಷದ ಫಸಲು ಅಷ್ಟೇ. ಆ ಸೋಮವಾರ ಸದಾಶಿವಪ್ಪನವರ ಮಂಡಿಯಲ್ಲಿ ನಾಲ್ಕನೇ ಖರೀದಿದಾರ ಕೈ ಹಾಕುವಾಗ ಅವರು ಮೂಟೆಯ ಬಾಯಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತುಬಿಟ್ಟರು.

‘ಎಷ್ಟ್ ಜನ ಇದೀರ್ರೀ ನೀವು?’

‘ಹನ್ನೊಂದು ಜನ ಕಣಮ್ಮ. ಬಿಡಿ ಕೈ.’

‘ಆ ಪಕ್ಕದೋರ್ದು ನಲವತ್ ಮೂಟೆ. ಅಲ್ಲೂ ಹನ್ನೊಂದೇ ಹಿಡಿ, ನಂದೊಂದ್ ಮೂಟೆಗೂ ಹನ್ನೊಂದೇ ಹಿಡಿನಾ? ನೋಡೋದಾದ್ರೆ ಕಣ್ಣಲ್ ನೋಡ್ರಿ. ಬುಟ್ಟಿಲೇನ್ ನೋಡ್ತೀರಿ?’

ಹಮಾಲರು ನಕ್ಕರು. ಸದಾಶಿವಪ್ಪ ಬಂದು, ‘ಅಕ್ಕಾ, ನಿಮ್ಮ ಯಜಮಾನ್ರು ಇಪ್ಪತ್ ವರ್ಷ ಬಂದ್ರು, ಒಂದ್ ದಿನ ತುಟಿ ಪಿಟಕ್ ಅನ್ಲಿಲ್ಲ’ ಎಂದರು.

‘ಅವ್ರು ಮನೇಲೂ ಮಾತಾಡ್ತಿರ್ಲಿಲ್ಲ ಬಿಡಿ’ ಎಂದರು ಕಮಲಮ್ಮ. ಕೈ ಬಿಡಲಿಲ್ಲ.

ನನ್ನನ್ನು ಕರೆದರು. ಒಂದು ಮೂಟೆಯಿಂದ ಹನ್ನೊಂದು ಹಿಡಿಯೆಂದರೆ ಒಂದೂವರೆ ಕಿಲೋ ಹತ್ತಿರ. ನಲವತ್ತು ಮೂಟೆಯವರಿಗೆ ಅದು ಲೆಕ್ಕಕ್ಕಿಲ್ಲ. ನಾನು ಏನು ಹೇಳಬೇಕೆಂದು ಯೋಚಿಸುತ್ತ ಮುಂದಿನ ಲಾಟಿನ ಕಡೆ ತಿರುಗಿದೆ. ಅದೂ ಒಂದೇ ಮೂಟೆ, ಮಂಡಿಯ ಗುಮಾಸ್ತರ ಹೆಸರಿನಲ್ಲಿ. ಬಾಯಿ ಬಿಚ್ಚಿದ್ದರು. ಒಳಗೆ ಬಿಳಿ ಚಾಲಿ, ಬೇಯಿಸಿದ ಕೆಂಪಡಿಕೆ, ಹಣ್ಣಾಗಿ ಉದುರಿ ಒಣಗಿದ ಗೋಟು, ಹೊಸತು, ಹಳತು ಎಲ್ಲ ಒಟ್ಟಿಗೆ. ತೋಟವಿದ್ದವರು ಯಾರೂ ಹಾಗೆ ಬೆರೆಸಿ ತರುವುದಿಲ್ಲ, ಬೆರೆಸಿದರೆ ದರ ಬೀಳುತ್ತದೆ. ಬುಟ್ಟಿ ಮಾತ್ರ ಹಾಗೆ ಬೆರೆಸುತ್ತದೆ.

‘ಇದು ಯಾವ ತೋಟದ್ದು?’ ಎಂದು ಗುಮಾಸ್ತರನ್ನು ಕೇಳಿದೆ.

ಅವರು ಸದಾಶಿವಪ್ಪನವರ ಮುಖ ನೋಡಿದರು. ಕಮಲಮ್ಮ ಇಣುಕಿ ನೋಡಿ ಎಲ್ಲರಿಗೂ ಕೇಳುವ ಹಾಗೆ ಅಂದರು: ‘ಈ ಮೂಟೆಗೆ ಅಪ್ಪಂದ್ರು ನೂರು ಜನ. ಹೆತ್ತೋಳು ಮಾತ್ರ ಯಾರೂ ಇಲ್ಲ!’

ಇಡೀ ಮಂಡಿ ನಕ್ಕಿತು. ನಾನು ನಗಲಿಲ್ಲ. ಬೆಳೆಗಾರನಿಲ್ಲದ ಮೂಟೆಗೆ ಲಾಟ್ ನಂಬರು ಇಲ್ಲ ಎಂದೆ. ಇಂದಿನಿಂದ ಬುಟ್ಟಿ ಇಡುವ ಹಾಗಿಲ್ಲ, ನೋಡಿದ ಅಡಿಕೆ ಮೂಟೆಗೇ ಹೋಗಬೇಕು ಎಂದೂ ಹೇಳಿ, ಅದನ್ನೇ ಬರೆದು ಬೋರ್ಡಿನ ಮೇಲೆ, ಶುಲ್ಕಗಳ ಪಟ್ಟಿಯ ಕೆಳಗೆ ಅಂಟಿಸಿದೆ. ಆ ಗದ್ದಲದಲ್ಲಿ ಆ ಮಂಡಿಯ ಟೆಂಡರ್ ಅರ್ಧಕ್ಕೇ ನಿಂತಿತು, ಕಮಲಮ್ಮನ ಮೂಟೆಗೂ ಯಾರೂ ಚೀಟಿ ಹಾಕಲಿಲ್ಲ. ಮುಂದಿನ ಟೆಂಡರ್ ದಿನವಾದ ಗುರುವಾರ ಮತ್ತೆ ಬರುತ್ತೇನೆ ಎಂದು ಮೂಟೆಯನ್ನು ಮಂಡಿಯಲ್ಲೇ ಬಿಟ್ಟು ಅವರು ಬಸ್ಸು ಹತ್ತಿದರು.

ಗುರುವಾರ ಒಂದು ಮಂಡಿಯೂ ಟೆಂಡರ್ ಪೆಟ್ಟಿಗೆ ಹೊರಗಿಡಲಿಲ್ಲ. ಅರ್ಧ ಬಾಗಿಲು ಎಳೆದುಕೊಂಡು ಒಳಗೆ ಕೂತಿದ್ದರು. ಬುಟ್ಟಿ ಇಲ್ಲದಿದ್ದರೆ ಟೆಂಡರೂ ಇಲ್ಲ. ಖರೀದಿದಾರರು ಅಂಗಳದಲ್ಲಿ ಬೀಡಿ ಸೇದುತ್ತ ನಿಂತಿದ್ದರು. ದೂರದೂರಿನಿಂದ ಬಂದ ಬೆಳೆಗಾರರು ನನ್ನ ಟೇಬಲ್ಲಿನ ಸುತ್ತ ಸೇರಿದರು. ಅವರ ಸಿಟ್ಟು ಮಂಡಿಯವರ ಮೇಲಿರಲಿಲ್ಲ.

‘ನಿಮ್ಮ ನ್ಯಾಯ ಕಟ್ಕೊಂಡು ನಾವೇನ್ ಮಾಡೋಣ? ನಮ್ಮ ಮಾಲು ಕೊಳೀತಾ ಇರ್ಲಾ?’ ಎಂದರು ನಲವತ್ತು ಮೂಟೆಯವರು. ಜೊತೆಗಿದ್ದವರ ಕಡೆ ತಿರುಗಿ ಮನೆ ಮಾತಿನಲ್ಲಿ, ‘ಒಂದ್ ಹಿಡಿ ಅಡಕೆಲಿ ಎಂತ ಇದ್ದು? ಇವ್ಳಿಗೆ ಎಂತ ಆತು?’ ಎಂದರು. ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಿರಬೇಕು.

‘ನಿಮಗೆ ಒಂದು ಹಿಡಿಯಲ್ಲಿ ಏನೂ ಇಲ್ಲ ಅನ್ನೋದು ನಿಜ’ ಎಂದೆ.

ಮಧ್ಯಾಹ್ನ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗಳು ಒಳಗೆ ಕರೆದರು. ಒಳ್ಳೆಯ ಮನುಷ್ಯ, ನಿವೃತ್ತಿಗೆ ಹತ್ತಿರದಲ್ಲಿದ್ದವರು. ಟೈಪ್ ಮಾಡಿದ ಕಾಗದವನ್ನು ನನ್ನ ಮುಂದೆ ತಳ್ಳಿದರು.

‘ಸಹಿ ಹಾಕಿಬಿಡಿ ತಾಯಿ. ಟೆಂಡರ್ ನಿಂತ್ರೆ ಮೇಲಿಂದ ಫೋನ್ ಬರೋದು ನನಗೆ.’

‘ಏನು ಬರೆದಿದೆ ಸರ್?’

‘ಸೋಮವಾರ ಹೇಳಿದ್ದು ತಪ್ಪು ತಿಳಿವಳಿಕೆಯಿಂದ. ಹಿಂದಿನ ಪದ್ಧತಿ ಮುಂದುವರಿಯುತ್ತೆ. ಅಷ್ಟೇ.’

‘ಇನ್ನೊಂದು ಸಾಲು ಸೇರಿಸಿ. ಪ್ರತಿ ಹಿಡಿಗೂ ರಸೀದಿ ಕೊಡತಕ್ಕದ್ದು ಅಂತ. ಹಾಕ್ತೀನಿ.’

‘ಹಿಡಿ ಅಡಿಕೆಗೆ ಯಾರಾದ್ರೂ ರಸೀದಿ ಕೊಡ್ತಾರೇನ್ರೀ?’

‘ರಸೀದಿ ಕೊಡೋಕಾಗದ್ದನ್ನ ತಗೊಳ್ಳೋದು ಬೇಡ ಸರ್.’

ಅವರು ಕನ್ನಡಕ ತೆಗೆದು ಒರೆಸಿದರು. ‘ನಿಮ್ಮ ಪ್ರೊಬೇಷನ್ ಮುಗಿಯೋಕೆ ಇನ್ನೊಂದು ತಿಂಗಳು. ವರದಿ ಬರೆಯೋನು ನಾನು. ನೆನಪಿರ್ಲಿ’ ಎಂದರು. ಹೆದರಿಸಲು ಹೇಳಿದ್ದಲ್ಲ, ಬೇಸರದಿಂದ ಹೇಳಿದ್ದು. ಕಾಗದವನ್ನು ಮಡಿಸದೆ ಅಲ್ಲೇ ಬಿಟ್ಟು ಹೊರಗೆ ಬಂದೆ.

ಹೊರಗೆ ಬೆಂಚಿನ ಮೇಲೆ ಕಮಲಮ್ಮ ಕೂತಿದ್ದರು. ಬೆಳಗಿನಿಂದ ಏನೂ ತಿಂದ ಹಾಗೆ ಕಾಣಲಿಲ್ಲ. ಮಂಡಿಯಿಂದ ಅವರಿಗೂ ಮಾತು ಬಂದಿತ್ತು: ತಕರಾರಿಲ್ಲ ಎಂದು ಒಂದು ಮಾತು ಹೇಳಿದರೆ ಅವರ ಮೂಟೆಗೆ ಆ ದಿನದ ಮೇಲಿನ ದರವನ್ನೇ ಕೊಡಿಸುತ್ತಾರಂತೆ. ನಾನು ಅವರನ್ನು ತಡೆಯುವ ಹಾಗಿರಲಿಲ್ಲ. ನನಗೆ ಸಂಬಳವಿತ್ತು. ಅವರಿಗೆ ಆ ಮೂಟೆ ಬಿಟ್ಟರೆ ಇನ್ನೊಂದಿಲ್ಲ.

‘ಹೇಳಿಬಿಡಿ ಕಮಲಮ್ಮ. ನಾನು ಬೇಜಾರು ಮಾಡ್ಕೊಳ್ಳಲ್ಲ’ ಎಂದೆ.

‘ನೀವ್ ಬೇಜಾರ್ ಮಾಡ್ಕಂತೀರಿ ಅಂತ ನಾನು ಹೇಳ್ದೇ ಇರೋದಾ?’ ಎಂದು ನನ್ನನ್ನೇ ಗದರಿದರು. ‘ಬುಟ್ಟಿ ಇಡ್ದೇ ಇರೋ ಜಾಗ ಇಡೀ ಸಾಗ್ರದಾಗೆ ಒಂದೂ ಇಲ್ವಾ?’

ಇತ್ತು. ಪ್ರಾಂಗಣದ ಹಿಂಭಾಗದಲ್ಲಿ ಶೀಟು ಹೊದಿಸಿದ ಒಂದು ಕಟ್ಟೆ. ಬೆಳೆಗಾರ ಬಯಸಿದರೆ ಮಂಡಿಯ ನೆರವಿಲ್ಲದೆ ಅಲ್ಲಿ ನೇರವಾಗಿ ಟೆಂಡರಿಗೆ ಇಡಬಹುದು ಎಂದು ನಮ್ಮ ನಿಯಮದಲ್ಲೇ ಇತ್ತು. ಯಾರೂ ಇಟ್ಟಿರಲಿಲ್ಲ. ಮಂಡಿಯವರನ್ನು ಎದುರು ಹಾಕಿಕೊಂಡರೆ ಮುಂದಿನ ವರ್ಷ ಮಾಲು ಇಡಲು ಜಾಗ ಸಿಗದು ಎಂಬ ಭಯ. ಹಮಾಲರು ಅಲ್ಲಿ ಇಸ್ಪೀಟು ಆಡುತ್ತಿದ್ದರು, ಪಂಚೆ ಒಣಗಿಸುತ್ತಿದ್ದರು. ಆ ಭಯವನ್ನೂ ಸೇರಿಸಿಯೇ ಕಮಲಮ್ಮನಿಗೆ ಎಲ್ಲ ಹೇಳಿದೆ. ಅವರು ಎದ್ದು ನೇರವಾಗಿ ಸದಾಶಿವಪ್ಪನವರ ಅರ್ಧ ಬಾಗಿಲಿಗೆ ಹೋದರು.

‘ನಮ್ಮೂಟೆ ಕೊಟ್ಬಿಡಿ ಅಣ್ಣಾ.’

‘ತಗೊಂಡ್ಹೋಗಿ. ಮುಂದಿನ ವರ್ಷ ಮಾತ್ರ ಈ ಬಾಗ್ಲಿಗೆ ಬರ್ಬೇಡಿ.’

‘ಹಾಕ್ಕಂಡಿರೋ ಬಾಗ್ಲಿಗೆ ಬಂದೇನ್ ಮಾಡ್ಲಿ?’

ಅಂಗಳದಲ್ಲಿದ್ದ ಯಾರೂ ಈ ಸಲ ನಗಲಿಲ್ಲ. ಇಬ್ಬರು ಹಮಾಲರು ಕೂಲಿ ಮಾತಾಡದೆ ಮೂಟೆಯನ್ನು ಎತ್ತಿ ಕಟ್ಟೆಗೆ ತಂದರು. ಸಂಜೆ ನಾನು ಖರೀದಿದಾರರ ಒಂದೊಂದು ಅಂಗಡಿಗೂ ಹೋಗಿ, ನಾಳೆ ಬೆಳಿಗ್ಗೆ ಕಟ್ಟೆಯ ಮೇಲೆ ಟೆಂಡರ್ ಇದೆ ಎಂದು ತಿಳಿಸಿದೆ. ಅವರಿಗೆ ಬೇಕಾದದ್ದು ಅಡಿಕೆ, ಬುಟ್ಟಿಯ ಪಾಲಲ್ಲ ಎಂಬುದೊಂದೇ ನನ್ನ ಭರವಸೆ. ಆದರೂ ಮಂಡಿಯವರ ಜೊತೆ ದಿನ ಬೆಳಗಾದರೆ ವ್ಯಾಪಾರ ಮಾಡಬೇಕಾದವರು. ಬರುತ್ತೇನೆ ಎಂದು ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಕಮಲಮ್ಮ ಇಕ್ಕೇರಿ ರಸ್ತೆಯಲ್ಲಿದ್ದ ನೆಂಟರ ಮನೆಯಲ್ಲಿ ಉಳಿದರು.

ಇದೆಲ್ಲ ಆಗಿ ವರ್ಷಗಳಾದವು, ನಾನೀಗ ತೀರ್ಥಹಳ್ಳಿಯಲ್ಲಿದ್ದೇನೆ. ನನ್ನ ಪ್ರೊಬೇಷನ್ನನ್ನು ಆಗ ಆರು ತಿಂಗಳು ಮುಂದಕ್ಕೆ ಹಾಕಿದರು. ‘ಹೊಂದಾಣಿಕೆ ಸಾಲದು’ ಎಂಬುದು ವರದಿಯ ಮಾತು. ಅದನ್ನು ನಾನು ತಿದ್ದಿಸಲು ಹೋಗಲಿಲ್ಲ, ಅದು ಸರಿಯಾಗಿಯೇ ಇತ್ತು. ಪೇಟೆಯೆಂದ ಮೇಲೆ ಅದನ್ನು ನಡೆಸಲು ಶುಲ್ಕ ಬೇಕು, ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆದರೆ ಶುಲ್ಕವೆಂದರೆ ಕೊಡುವವನು ಓದಬಲ್ಲ ಜಾಗದಲ್ಲಿ ಬರೆದಿರಬೇಕು, ಮಾಲು ಎಷ್ಟೋ ಅಷ್ಟಕ್ಕೇ ಬೀಳಬೇಕು, ತಗೊಂಡವನು ತಗೊಂಡೆ ಎಂದು ಬರೆದುಕೊಡಬೇಕು. ಈ ಮೂರೂ ಇಲ್ಲದ್ದು ಎಷ್ಟು ತಲೆಮಾರಿನಿಂದ ನಡೆದು ಬಂದರೂ ಅದು ಬುಟ್ಟಿಯೇ. ಹುದ್ದೆ ಬದಲಾದಲ್ಲೆಲ್ಲ ನಾನು ಮೊದಲು ನೋಡುವುದು ಬೋರ್ಡನ್ನಲ್ಲ, ಮೂಟೆಯ ಪಕ್ಕ ಏನಿಟ್ಟಿದ್ದಾರೆ ಎಂಬುದನ್ನು.

ಆ ಶುಕ್ರವಾರ ಬೆಳಿಗ್ಗೆ ಹೋದಾಗ ಕಟ್ಟೆಯ ಮೇಲೆ ಎರಡು ಮೂಟೆಗಳಿದ್ದವು. ಒಂದು ಕಮಲಮ್ಮನದು. ಇನ್ನೊಂದರ ಪಕ್ಕ ನನಗೆ ಪರಿಚಯವಿಲ್ಲದ ಒಬ್ಬ ಮುದುಕರು, ಟವಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ‘ನಂದೂ ಒಂದೇ’ ಎಂದರು. ಆಫೀಸಿನಿಂದ ಟೆಂಡರ್ ಪೆಟ್ಟಿಗೆಯನ್ನು ನಾನೇ ಹೊತ್ತು ತಂದು ಇಟ್ಟೆ. ಕಮಲಮ್ಮನ ಮೂಟೆಯ ಬಾಯಿ ಬಿಚ್ಚಿ, ಗಂಟೆ ಬಾರಿಸಿದೆ. ಮಂಡಿಗಳ ಅರ್ಧ ಬಾಗಿಲುಗಳಿಂದ ತಲೆಗಳು ಹೊರಬಂದವು. ಬಹಳ ಹೊತ್ತು ಯಾರೂ ಬರಲಿಲ್ಲ. ಇನ್ನೊಮ್ಮೆ ಬಾರಿಸಿದೆ.

ಒಬ್ಬ ಖರೀದಿದಾರರು ಅಂಗಳ ದಾಟಿ ಬಂದರು. ಯಾರ ಮುಖವನ್ನೂ ನೋಡದೆ ಒಂದು ಹಿಡಿ ತೆಗೆದು, ಒಂದನ್ನು ಕತ್ತರಿಸಿ ನೋಡಿದರು. ಉಳಿದದ್ದನ್ನು ಹಿಡಿದ ಕೈ ಅಭ್ಯಾಸದಂತೆ ಪಕ್ಕಕ್ಕೆ ಹೋಯಿತು. ಅಲ್ಲಿ ಬುಟ್ಟಿ ಇರಲಿಲ್ಲ. ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಮೂಟೆಯ ಮೇಲೆ ಬಂದು ಬಿಚ್ಚಿಕೊಂಡಿತು. ಅಡಿಕೆಗಳು ಅಡಿಕೆಗಳ ಮೇಲೆ ಬಿದ್ದ ಸದ್ದು ಕೇಳಿತು. ಅವರು ಚೀಟಿ ಬರೆದು ಪೆಟ್ಟಿಗೆಗೆ ಹಾಕಿದರು.

ನಾನು ಹೋಗಿ ಎರಡನೇ ಮೂಟೆಯ ಬಾಯಿ ಬಿಚ್ಚಿದೆ.