ನಮ್ಮ ತಾತನ ಮೆದೆ, ಸರ್ಕಾರದ ಕಾಲುವೆ

ಹೋದ ತಿಂಗಳು ಯಳಂದೂರು ತಾಲ್ಲೂಕಿನ ಹೊನ್ನೂರಿನಲ್ಲಿ, ನಮ್ಮ ಗದ್ದೆ ಪಕ್ಕದ ಕಾಲುವೆ ಏರಿಯ ಮೇಲೆ ಒಂದು ಮಿನಿಬಸ್ ಬಂದು ನಿಂತಿತು. ಇಳಿದವರು ಎಂಜಿನಿಯರಿಂಗ್ ಓದುವ ಮಕ್ಕಳು. ಅಲ್ಲಿಯವರೆಗೆ ನೆಟ್ಟಗೆ ಬರುವ ಕಾಲುವೆ ನಮ್ಮ ಜಮೀನಿನ ಹತ್ತಿರ ಮಾತ್ರ ಕುಡುಗೋಲಿನಂತೆ ಬಳಸಿಕೊಂಡು ಹೋಗುತ್ತದೆ. ಅದನ್ನು ತೋರಿಸಿ ಅವರ ಮೇಷ್ಟ್ರು ಹೇಳಿದರು:

"ನೀರಿನ ವೇಗ ತಗ್ಗಿಸೋಕೆ ಹಿಂದಿನವರು ಮಾಡಿದ ಡಿಸೈನ್ ಇದು. ಎಂಥಾ ಬುದ್ಧಿವಂತಿಕೆ ನೋಡಿ!"

ಮಕ್ಕಳು ಬರೆದುಕೊಂಡರು.

ಅದು ಡಿಸೈನ್ ಅಲ್ಲ ಸ್ವಾಮಿ. ನಮ್ಮ ತಾತನ ಹುಲ್ಲಿನ ಮೆದೆ!

(ಕಥೆ ಹೇಳಿದ್ದು ನಮ್ಮಜ್ಜಿ. ಒಂದೆರಡು ಹಿಡಿ ಹೆಚ್ಚುಕಮ್ಮಿ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.)

ಈ ಕಾಲುವೆಯ ಅಣೆಕಟ್ಟು ಕಟ್ಟುವಾಗ ತಾತ ಎತ್ತಿನ ಗಾಡಿಯಲ್ಲಿ ಕಲ್ಲು ಸಾಗಿಸಿದವನು. ಅಣೆ ಮುಗಿಯಿತು. ಕಾಲುವೆಗೆ ಗುರುತಿನ ಕಲ್ಲು ನೆಡಿಸುತ್ತಾ ಬಂದ ಸಾಹೇಬರಿಗೆ ತಾತನ ಮೆದೆ ಅಡ್ಡ ಸಿಕ್ಕಿತು. ತೆಗಿ ಅಂದರು.

"ಈ ಎತ್ಗಳು ಕಲ್ಲು ಎಳ್ದಿದ್ಕೇ ನಿಮ್ಮ ಅಣೆ ಎದ್ದಿರೋದು ಸಾ. ಅವು ತಿನ್ನೋ ಹುಲ್ಲನ್ನೇ ತಗೀ ಅಂತೀರಲ್ಲಾ? ಉಗಾದಿ ಗಂಟ ತಡ್ಕಳಿ" ಅಂದನಂತೆ.

ಸಾಹೇಬರಿಗೆ ಆತುರ. ಮೆದೆ ಸುತ್ತ ಕಲ್ಲು ನೆಡಿಸಿ ಮುಂದೆ ಹೋದರು. ಅಗೆಯುವವರು ಕಲ್ಲು ಇದ್ದ ಹಾಗೇ ಅಗೆದರು.

ಉಗಾದಿ ಹೊತ್ತಿಗೆ ಎತ್ತುಗಳು ಮೆದೆ ಖಾಲಿ ಮಾಡಿದವು. ಕೊಂಕು ಉಳಿಯಿತು. ಹೂಳು, ಜೊಂಡು, ಬಾಟಲಿ ಎಲ್ಲ ಅಲ್ಲೇ ಸಿಕ್ಕಿಕೊಂಡು ನೀರು ಆಚೆಗೆ ದಾಟುವುದಿಲ್ಲ. ಆಚೆಗಿರುವುದು ಯಾರ ಗದ್ದೆ? ನಮ್ಮದೇ!

ಅಲ್ಲಿ ಬೇಸಾಯ ಮಾಡುವವಳು ನಮ್ಮ ಚಿಕ್ಕಮ್ಮ. ಮದುವೆಯಾಗಿ ಬಂದ ವರ್ಷದಿಂದಲೂ ಸನಿಕೆ ಹಿಡಿದು ಹೂಳೆತ್ತುತ್ತಾ ಸತ್ತ ಮಾವನನ್ನು ಬೈಯುತ್ತಾಳೆ. "ಒಂದು ಮೆದೆಗೆ ಕಾಲ್ವೇನೇ ಬಗ್ಗುಸ್ಬುಟ್ಟನಲ್ಲಾ!"

ಈ ಸಲ ಒಟ್ಲು ಹಾಕಿದ ಸಸಿಮಡಿಯಲ್ಲಿ ಭತ್ತದ ಪೈರು ನಾಟಿಗೆ ಬಲಿತು ನಿಂತಿತ್ತು. ವಾರದೊಳಗೆ ನೀರು ಬಾರದಿದ್ದರೆ ನಾಟಿಯಿಲ್ಲ, ಮನೆಗೆ ವರ್ಷದ ಅಕ್ಕಿಯಿಲ್ಲ. ಅಂಥ ಹೊತ್ತಲ್ಲಿ, ಮಿನಿಬಸ್ ಹೋದ ಮಾರನೇ ದಿನವೇ ಜೆಸಿಬಿ ಬಂತು. ಕಾಲುವೆ ನೆಟ್ಟಗೆ ಮಾಡಲು ಆರ್ಡರ್ ಆಗಿದೆಯಂತೆ! ಚಿಕ್ಕಮ್ಮ ಜೆಸಿಬಿಗೇ ಕುಂಕುಮ ಇಟ್ಟಳು.

ಡ್ರೈವರ್ ರಾಮಾಪುರದವನು. ಇಳಿದು ನೋಡಿ ತಲೆ ಕೆರೆದುಕೊಂಡ. "ನೆಟ್ಟುಗೆ ಓಗ್ಬೇಕಂದ್ರೆ ಈ ಮೆದೆ ತಗೀಬೇಕಲ್ಲಕ್ಕಾ?"

ಯಾವ ಮೆದೆ? ಚಿಕ್ಕಮ್ಮನದು! ತಾತ ಒಟ್ಟಿದ್ದ ಜಾಗದಲ್ಲೇ.

ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಈಗ ಕಿತ್ರೆ ಮಳೇಲಿ ಕೊಳ್ತೋಯ್ತದೆ ಕಣಪ್ಪಾ. ಆಮೇಲೆ ಹಸ ಏನು ತಿಂದದು, ನಿನ್ನ ಡೀಸಲ್ಲಾ? ಉಗಾದಿ ಗಂಟ ತಡ್ಕೊ."

"ಚಿಕ್ಕಮ್ಮಾ, ಇದಕ್ಕೇ ಅಲ್ವಾ ತಾತನ್ನ ಬೈತಿದ್ದದ್ದು?" ಅಂದೆ.

"ಅದು ಎತ್ತು ಕಣ್ಲಾ. ಇದು ಹಾಲು ಕೊಡೋ ಹಸ!"

ಡ್ರೈವರ್ ತನ್ನ ಸಾಹೇಬರಿಗೆ ಫೋನ್ ಮಾಡಿದ. ನೀರು ಬಿಡುವ ದಿನ ಹತ್ತಿರ. ಈ ಸಾಹೇಬರಿಗೂ ಆತುರ. "ಸ್ವಲ್ಪ ಬಳಸ್ಕೊಂಡು ಹೋಗಪ್ಪಾ" ಅಂದರು.

ಬಳಸಿಕೊಂಡು ಹೋದ. ಹಳೇ ಕಾಲುವೆ ಮೆದೆಯ ಎಡಕ್ಕಿತ್ತು, ಹೊಸದು ಬಲಕ್ಕೆ. ಕಾಂಕ್ರೀಟೂ ಬಿತ್ತು. (ಇನ್ನು ಯಾರೂ ಅಲುಗಾಡಿಸುವ ಹಾಗಿಲ್ಲ.)

ವಾರ ತುಂಬುವ ಹೊತ್ತಿಗೆ ನೀರು ಬಂತು. ಹೊಸ ಕೊಂಕಿನಲ್ಲಿ ನಾಲ್ಕು ಬಾಟಲಿ, ಒಂದು ಹೊರೆ ಜೊಂಡು ಸಿಕ್ಕಿಸಿಕೊಂಡು ನಿಂತೇಬಿಟ್ಟಿತು. ಚಿಕ್ಕಮ್ಮ ಇಳಿದಳು. ದಿನವೆಲ್ಲ ಎತ್ತಿ ಎತ್ತಿ ಗದ್ದೆಗೆ ನೀರು ಹಾಯಿಸಿದಳು. ನಾಟಿಯೇನೋ ಆಯಿತು.

ಆದರೆ ಮೊದಲ ಸನಿಕೆ ಎತ್ತುವಾಗ, ಅಭ್ಯಾಸ ನೋಡಿ, ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ಯಾರನ್ನು ಬೈಯುವುದು?