ಒಣ ಗಡಂಗಿನ ಬಾಯಮ್ಮ

ಮೊನ್ನೆ ಮಾಣಿಯಲ್ಲಿ ಬಸ್ಸಿಳಿದು ಮನೆ ಕಡೆ ನಡೆಯುವಾಗ ದಾರಿ ಬದಿಯ ಗೇರುಮರದ ಕೆಳಗೆ ಹಣ್ಣುಗಳು ಬಿದ್ದು ಕೊಳೆಯುತ್ತಿದ್ದವು. ಯಾರೋ ಬೀಜ ತಿರುಚಿಕೊಂಡು ಹಣ್ಣನ್ನು ಹಾಗೇ ಎಸೆದು ಹೋಗಿದ್ದರು. ಬಿಸಿಲಿಗೆ ಹುಳಿ ಬಂದ ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಾಲು ನಿಂತಿತು. ಬೇರೆಯವರಿಗೆ ಅದು ಬೇಸಿಗೆಯ ವಾಸನೆ ಇರಬಹುದು. ನನಗೆ ಅದು ಹೆದರಿಕೆಯ ವಾಸನೆ. ಆ ಹೆದರಿಕೆಯ ಹಿಂದೆಯೇ ಬಾಯಮ್ಮ ಬರುತ್ತಾರೆ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಹಾರೆ ಹಿಡಿದುಕೊಂಡು...

ನಮ್ಮ ಕಡೆ ವಯಸ್ಸಾದ ಕ್ರಿಶ್ಚಿಯನ್ ಹೆಂಗಸರನ್ನು ಎಲ್ಲರೂ ಬಾಯಮ್ಮ ಎಂದೇ ಕರೆಯುವುದು. ಇವರಿಗೂ ಬೇರೆ ಹೆಸರಿತ್ತು. ಆ ಹೆಸರಲ್ಲಿ ಕರೆದರೆ ಅವರೇ ತಿರುಗಿ ನೋಡುತ್ತಿದ್ದರೋ ಇಲ್ಲವೋ. ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ರಸ್ತೆಯಲ್ಲಿ, ತಿರುವಿನ ಮೇಲೆ, ಅವರ ಮನೆ. ಅದು ಮೊದಲು ಗಡಂಗು, ಅಂದರೆ ಸಾರಾಯಿ ಅಂಗಡಿ. ಗಂಡ ಊರಿಗೆಲ್ಲ ಕುಡಿಸಿ, ಉಳಿದದ್ದನ್ನು ತಾನೂ ಕುಡಿದು, ಹೊಟ್ಟೆ ಊದಿ ಸತ್ತರು. ಬಾಯಮ್ಮ ಅಂಗಡಿ ಮುಚ್ಚಿದರು. ಕೆಲವು ತಿಂಗಳ ನಂತರ ಅವರ ಹಳೆಯ ಗಿರಾಕಿಯೊಬ್ಬ ಜೈಲಿನಿಂದ ಪೆರೋಲಿನ ಮೇಲೆ ಬಂದನಂತೆ. ಅವನ ಮನೆಯವರು ಬಾಗಿಲು ತೆರೆಯಲಿಲ್ಲ. ಬಾಯಮ್ಮ ಜಗಲಿ ಕೊಟ್ಟರು, ಕುಡಿದರೆ ಹೊರಗೆ ಎಂಬ ಮಾತಿನ ಮೇಲೆ. ಅವನು ಕುಡಿಯದೆ ಇದ್ದು ಹೇಳಿದ ದಿನಕ್ಕೆ ಸರಿಯಾಗಿ ಜೈಲಿಗೆ ಮರಳಿದ. ಕೋರ್ಟು ಬಾಂಡಿನ ಮೇಲೆ ಬಿಟ್ಟವರ ಮೇಲೆ ಕಣ್ಣಿಡುವ ಅಧಿಕಾರಿಯೊಬ್ಬರು ಇದನ್ನು ಕೇಳಿ ಇನ್ನೊಬ್ಬನನ್ನು ಕಳಿಸಿದರು, ಮತ್ತೊಬ್ಬನನ್ನು ಕಳಿಸಿದರು. ಹಾಗೆ ಆ ಮನೆ ತುಂಬಿತು.

ಊರಿನ ಪೋಕರಿಗಳು ಅದಕ್ಕೆ ಒಣ ಗಡಂಗು ಎಂದು ಹೆಸರಿಟ್ಟರು. ಕುಡಿಸಿದವರೂ ಇವರೇ, ಬಿಡಿಸುವವರೂ ಇವರೇ ಎಂದು ಬಸ್ ಸ್ಟ್ಯಾಂಡಿನಲ್ಲಿ ನಗುತ್ತಿದ್ದರು. ಬಾಯಮ್ಮ ಕೇಳಿಸಿಕೊಂಡು ಸುಮ್ಮನಿರುವ ಜನವಲ್ಲ. "ಹೌದು ಮಾರಾಯ, ನಿನಗೂ ಒಂದು ಚಾಪೆ ತೆಗೆದಿಟ್ಟಿದ್ದೇನೆ" ಎಂದು ಅವರ ಮುಖಕ್ಕೇ ಹೇಳಿ ಮುಂದೆ ಹೋಗುತ್ತಿದ್ದರು.

ನನ್ನ ಅಣ್ಣ ಅಲ್ಲಿಗೆ ಬಂದದ್ದು ತೊಂಬತ್ತರ ದಶಕದ ಕೊನೆಗೆ. ನಮ್ಮದು ಅಳದಂಗಡಿಯ ಹತ್ತಿರದ ಹಳ್ಳಿ. ಅಣ್ಣ ಸರ್ವಿಸ್ ಜೀಪು ಓಡಿಸುತ್ತಿದ್ದ. ಕುಡಿಯದಾಗ ಅವನಂಥ ಮನುಷ್ಯ ಇಲ್ಲ, ಇದನ್ನು ತಂಗಿ ಎಂದು ಹೇಳುತ್ತಿಲ್ಲ. ಕುಡಿದಾಗ ಮಾತ್ರ ಅವನ ಕಣ್ಣಿಗೆ ಯಾರೂ ಕಾಣುತ್ತಿರಲಿಲ್ಲ. ಒಂದು ಸಂಜೆ ತೋಟದ ನೀರಿನ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಜೀಪಿನಲ್ಲಿದ್ದ ಕಬ್ಬಿಣದ ರಾಡಿನಿಂದ ನಮ್ಮ ಸೋದರಮಾವನ ತಲೆಗೆ ಹೊಡೆದುಬಿಟ್ಟ. ಮಾವ ಬದುಕಿದರು, ಆದರೆ ಒಂದು ಕಿವಿ ಹೋಯಿತು. ನಮ್ಮಲ್ಲಿ ಅಮ್ಮನ ಅಣ್ಣನೆಂದರೆ ಮನೆಯ ಯಜಮಾನ. ಅವರ ಮೇಲೆ ಕೈ ಮಾಡಿದವನ ಜೊತೆ ಯಾರೂ ಮಾತಾಡಲಿಲ್ಲ. ಕೋರ್ಟು ಮೊದಲ ತಪ್ಪೆಂದು ಜೈಲಿಗೆ ಹಾಕದೆ ಬಾಂಡು ಬರೆಸಿಕೊಂಡಿತು. ಅಧಿಕಾರಿ ಹೇಳಿದ ಜಾಗದಲ್ಲಿರಬೇಕು, ಅಮಲು ಪದಾರ್ಥ ಮುಟ್ಟಬಾರದು. ಮುಟ್ಟಿದ್ದು ಗೊತ್ತಾದರೆ ಬಾಂಡು ರದ್ದು, ಮತ್ತೆ ಜೈಲೇ.

ನಾನಾಗ ಮೂಡುಬಿದಿರೆಯಲ್ಲಿ ಟೈಪಿಂಗ್ ಕಲಿಯುತ್ತಿದ್ದೆ. ಶನಿವಾರ ಕ್ಲಾಸು ಮುಗಿಸಿ ಅಣ್ಣನನ್ನು ನೋಡಲು ಹೋಗುತ್ತಿದ್ದೆ. ಆ ಮನೆಯ ಸಂಜೆಯನ್ನು ಮರೆಯುವುದು ಸಾಧ್ಯವೇ ಇಲ್ಲ. ಗ್ಯಾರೇಜು, ಮರದ ಮಿಲ್ಲು, ಹೀಗೆ ಕೆಲಸಕ್ಕೆ ಹೋದವರು ಒಬ್ಬೊಬ್ಬರೇ ಬಂದು ಹೊಸ್ತಿಲಿನ ಹೊರಗೆ ನಿಲ್ಲಬೇಕು. ಬಾಯಿ ಬಿಟ್ಟು, ಗಟ್ಟಿಯಾಗಿ, "ಬಾಯಮ್ಮ, ಬಂದೆ" ಎನ್ನಬೇಕು. ಬಾಯಮ್ಮ ಒಳಗಿನ ಮೆಟ್ಟಿಲ ಮೇಲೆ ನಿಂತು ಮುಖದ ಹತ್ತಿರ ಮುಖ ತರುತ್ತಿದ್ದರು. ಆ ಮಾತು ಅವರ ಕಿವಿಗಲ್ಲ, ಮೂಗಿಗೆ. ಗಡಂಗಿನಲ್ಲಿ ಅಷ್ಟು ವರ್ಷ ಕೂತ ಮೂಗು. ಏಲಕ್ಕಿ ಜಗಿದರೂ, ಈರುಳ್ಳಿ ತಿಂದರೂ ಆ ಮೂಗಿಗೆ ಮೋಸ ಮಾಡುವ ಹಾಗಿರಲಿಲ್ಲ. ಎಲ್ಲ ಸರಿ ಇದ್ದರೆ "ಬಾ" ಎನ್ನುತ್ತಿದ್ದರು. ಆ ಒಂದು ಅಕ್ಷರ ಕೇಳುವವರೆಗೆ ದೊಡ್ಡ ದೊಡ್ಡ ಗಂಡಸರು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು.

ಆಮೇಲೆ ಎಲ್ಲರೂ ಗಡಂಗಿನ ಹಳೆಯ ಬೆಂಚಿನ ಮೇಲೆ ಕೂರಬೇಕು. ಗ್ಲಾಸಿಟ್ಟ ಕಲೆಗಳು ಅದರಲ್ಲಿ ಇನ್ನೂ ಇದ್ದವು, ಬಾಯಮ್ಮ ಬೇಕೆಂದೇ ಉಜ್ಜಿಸಿರಲಿಲ್ಲ. "ಇವತ್ತು ಯಾವಾಗ ಬಾಯಿ ಒಣಗಿತು? ಹೇಳಿ" ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಒಬ್ಬ ಸಂಬಳ ಕೈಗೆ ಬಂದಾಗ ಎನ್ನುತ್ತಿದ್ದ, ಇನ್ನೊಬ್ಬ ಹೆಂಡತಿಯ ಊರಿನ ಬಸ್ಸು ಕಂಡಾಗ ಎನ್ನುತ್ತಿದ್ದ. ತಿಂಗಳಿಗೊಮ್ಮೆ ಪೇಟೆಯಿಂದ ಆಪ್ತಸಲಹೆಗಾರರೊಬ್ಬರು ಬಂದು ಮಾತಾಡಿಸುತ್ತಿದ್ದರು. ಉಳಿದ ದಿನ ಈ ಬೆಂಚೇ.

ಗೇರಿನ ಕಾಲ ಬಂದರೆ ಬಾಯಮ್ಮನ ಸಿಡುಕು ಹೆಚ್ಚಾಗುತ್ತಿತ್ತು. ಹಿತ್ತಿಲ ತುಂಬ ಗೇರುಮರ. ಹಿಂದೆ ಗಂಡ ಅದೇ ಹಣ್ಣಿನಿಂದ ಭಟ್ಟಿ ಇಳಿಸುತ್ತಿದ್ದದ್ದು. ಬಿಸಿಲು ಏರುವ ಮೊದಲು ಎಲ್ಲರೂ ಹಣ್ಣು ಹೆಕ್ಕಿ, ಬೀಜ ತೆಗೆದು, ಹಣ್ಣನ್ನು ಗುಂಡಿಗೆ ಹಾಕಿ ಬೂದಿ ಸುರಿದು ಹೂಳಬೇಕು. ಒಂದು ಹಣ್ಣು ಉಳಿದರೂ ಬೈಗುಳ. ಮರ ಕಡಿಸಬಾರದೇ ಎಂದು ನಾನೊಮ್ಮೆ ಕೇಳಿದೆ. "ಊರಿನ ಮರ ಎಲ್ಲ ಕಡಿಸ್ಲಿಕ್ಕೆ ಆಗ್ತದಾ? ಹೂಳಿ ಅಭ್ಯಾಸ ಆಗಲಿ" ಎಂದರು.

ಒಂದು ಶನಿವಾರ ಮೇಸ್ತ್ರಿ ಕೆಲಸದವನೊಬ್ಬ ಹೊಸ್ತಿಲಲ್ಲಿ ನಿಂತು "ಬಂದೆ" ಎಂದ. ಬಾಯಮ್ಮ ಬಾ ಎನ್ನಲಿಲ್ಲ. ಅವನು ಅವರ ಕಾಲು ಹಿಡಿದ, ಮಕ್ಕಳ ಹೆಸರು ಹೇಳಿ ಅತ್ತ. ಬಾಯಮ್ಮ ಚಪ್ಪಲಿ ಮೆಟ್ಟಿಕೊಂಡು ರಸ್ತೆಯ ಫೋನ್ ಬೂತಿಗೆ ಹೋಗಿ ಅಧಿಕಾರಿಗೆ ತಾವೇ ತಿಳಿಸಿದರು. ನನಗೆ ಅವರನ್ನು ಕಂಡರೆ ಅಸಹ್ಯವಾಯಿತು. ನನ್ನ ಮುಖ ನೋಡಿ ಅವರಿಗೆ ಗೊತ್ತಾಗಿರಬೇಕು. "ಇವನನ್ನು ಮುಚ್ಚಿಟ್ಟರೆ ನಾಳೆ ಈ ಮನೆಗೆ ಕೋರ್ಟು ಯಾರನ್ನೂ ಕಳಿಸುವುದಿಲ್ಲ. ನಿನ್ನ ಅಣ್ಣನನ್ನೂ ಕರ್ಕೊಂಡು ಹೋಗ್ತಾರೆ. ಗೊತ್ತುಂಟಾ?" ಎಂದರು. ಗೊತ್ತಿತ್ತು, ಆದರೂ ಸಿಟ್ಟು ಇಳಿಯಲಿಲ್ಲ. ಅಣ್ಣ ಆ ದಿನ ಊಟ ಮಾಡಲಿಲ್ಲ.

ಮರುವರ್ಷದ ಗೇರಿನ ಕಾಲಕ್ಕೇ ಮಾವ ಅಮ್ಮನ ಮೂಲಕ ಹೇಳಿ ಕಳಿಸಿದ್ದು. ಮನೆಯಲ್ಲಿ ಕೊರಗಜ್ಜನಿಗೆ ಅಗೆಲು ಬಡಿಸುವುದುಂಟು, ಅವನೂ ಬರಲಿ, ಅಜ್ಜನ ಎದುರು ನನ್ನ ಕೈಯಿಂದ ಪ್ರಸಾದ ತೆಗೆದುಕೊಂಡರೆ ಅಲ್ಲಿಗೆ ನನ್ನ ದ್ವೇಷ ಮುಗಿಯಿತು, ಎಂದು. ಅಮ್ಮ ಸಂತೋಷದಲ್ಲಿ ಅಳುತ್ತಾ ಬಂದು ಹೇಳಿದಳು. ನನಗೆ ಮಾತ್ರ ಆ ಪ್ರಸಾದ ಯಾವುದೆಂಬುದು ನೆನಪಾಯಿತು. ಕೊರಗಜ್ಜ ನಮ್ಮ ಕಡೆಯ ದೈವ, ಅಗೆಲೆಂದರೆ ಅಜ್ಜನಿಗೆ ಬಡಿಸುವ ಎಡೆ, ಕೋಳಿ ಮತ್ತು ಕಳ್ಳು. ನಮ್ಮ ಮನೆಯಲ್ಲಿ ಗಂಡಸರಿಗೆ ಯಜಮಾನ ತೆಂಗಿನ ಗೆರಟೆಯಲ್ಲಿ ಕೊಡುವ ಪ್ರಸಾದವೂ ಆ ಕಳ್ಳೇ. ಬೇಡವೆಂದರೆ ಮಾವನನ್ನೂ ದೈವವನ್ನೂ ಒಟ್ಟಿಗೆ ತಳ್ಳಿದ ಹಾಗೆ. ಕುಡಿದರೆ ಬಾಂಡು ಹೋಯಿತು, ಅಣ್ಣನೂ ಹೋದ. ಮಾವ ಇದನ್ನೆಲ್ಲ ಗೊತ್ತಿದ್ದೇ ಕರೆದರೋ ಎಂಬ ಸಂಶಯ ನನಗೆ ಬಂದದ್ದು ಸುಳ್ಳಲ್ಲ.

ಬಾಯಮ್ಮ ಅಣ್ಣನನ್ನು ಬೆಂಚಿನ ಮೇಲೆ ಕೂರಿಸಿ, ಹೋಗುತ್ತೀಯಾ ಎಂದು ಕೇಳಿದರು.

"ಹೋಗದಿದ್ದರೆ ಮಾವ ಇನ್ನು ನನ್ನ ಮುಖ ನೋಡುವುದಿಲ್ಲ. ಹೋದರೆ... ಗೊತ್ತಿಲ್ಲ ಬಾಯಮ್ಮ."

"ಕುಡಿಯುವುದಿಲ್ಲ ಅಂತ ಆಣೆ ಹಾಕಿದ್ದರೆ ಕಳಿಸ್ತಾ ಇರಲಿಲ್ಲ. ಗೊತ್ತಿಲ್ಲ ಅಂದೆಯಲ್ಲ, ಹೋಗುವ. ನಾನೂ ಬರ್ತೇನೆ."

ಅಧಿಕಾರಿ ಅನುಮತಿ ಕೊಟ್ಟರು, ಜವಾಬ್ದಾರಿ ಬಾಯಮ್ಮನದೇ ಎಂದರು. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ನಾವು ಮೂವರೂ ಊರು ತಲುಪಿದೆವು. ದಾರಿಯುದ್ದಕ್ಕೂ ಬಾಯಮ್ಮ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಮುಷ್ಟಿಯೊಳಗೆ ಜಪಮಣಿ ತಿರುಗಿಸುತ್ತಿದ್ದರು.

ಅಜ್ಜನ ಕಟ್ಟೆ ಇದ್ದದ್ದು ಮನೆಯ ಹಿಂದೆ, ತೆಂಗಿನ ಮರಗಳ ಆಚೆ. ಅಲ್ಲಿಗೆ ಹೆಂಗಸರು ಹೋಗುವ ಹಾಗಿಲ್ಲ, ದೀಪವನ್ನೂ ಒಯ್ಯುವ ಹಾಗಿಲ್ಲ. ಮುಸ್ಸಂಜೆಗೆ ಗಂಡಸರೆಲ್ಲ ಮಡಕೆ, ಎಲೆ ಹಿಡಿದುಕೊಂಡು ನಡೆದರು. ಅಣ್ಣ ಎಲ್ಲರಿಗಿಂತ ಹಿಂದೆ ಹೋದ, ಒಮ್ಮೆ ತಿರುಗಿ ನೋಡಿದ. ನಾನು, ಅಮ್ಮ, ಬಾಯಮ್ಮ ಅಂಗಳದಲ್ಲಿ ನಿಂತೆವು. ಬೆಳಕು ಕಡಿಮೆಯಾಗುತ್ತಾ ಬಂತು. ಏನೂ ಕಾಣುತ್ತಿರಲಿಲ್ಲ. ಮಾವ ಪ್ರಾರ್ಥಿಸುವ ದನಿ ಮಾತ್ರ ಕೇಳಿತು. ಕಳ್ಳಿನ ವಾಸನೆ ಗಾಳಿಯಲ್ಲಿ ಅಂಗಳದವರೆಗೂ ಬಂತು. ಬಾಯಮ್ಮ ಮೂಗು ಎತ್ತಿ ಕತ್ತಲೆಯ ಕಡೆ ನೋಡುತ್ತಾ ನಿಂತದ್ದು ಈಗಲೂ ಕಣ್ಣೆದುರಿಗೇ ಉಂಟು. ಅವರಿಗೆ ಹೋಗಲಾಗದ ಒಂದೇ ಜಾಗಕ್ಕೆ ಅಣ್ಣ ಹೋಗಿದ್ದ.

ಮೊದಲು ಬಂದವನು ಅವನೇ. ನೇರ ಬಂದು ಬಾಯಮ್ಮನ ಎದುರು ನಿಂತು, "ಬಾಯಮ್ಮ, ಬಂದೆ" ಎಂದ.

ಅವನ ಅಂಗಿಯ ಎದೆಭಾಗ ಒದ್ದೆಯಾಗಿತ್ತು. ಕೈ ಮೊಣಕೈವರೆಗೂ ಒದ್ದೆ. ಮಾರು ದೂರದಲ್ಲಿದ್ದ ನನ್ನ ಮೂಗಿಗೂ ಕಳ್ಳು ಹೊಡೆಯಿತು. ನಾನು ಬಾಯಮ್ಮನ ಕಾಲು ನೋಡಿದೆ, ಆ ಚಪ್ಪಲಿ ಈಗ ಫೋನಿನ ಕಡೆ ತಿರುಗುತ್ತದೆ ಎಂದುಕೊಂಡೆ. ಅವರು ಮುಖ ಹತ್ತಿರ ತಂದರು. ದೂರ ಸರಿದರು. ಮತ್ತೆ ತಂದರು. ಆ ಮೂಗು ಸೋತದ್ದನ್ನು ನಾನು ಕಂಡದ್ದು ಅದೇ ಮೊದಲು.

"ಅಂಗಿ ತೆಗೆದು ಬಾವಿಯ ಹತ್ತಿರ ಮೈ ತೊಳೆದು ಬಾ" ಎಂದರು.

ಅಣ್ಣ ಹೋದ. ಅಷ್ಟರಲ್ಲಿ ಮಾವ ಬಂದರು, ಖಾಲಿ ಮಡಕೆ ಹಿಡಿದುಕೊಂಡು. ಬಾಯಮ್ಮ ಅವರಿಗೆ ಅಡ್ಡ ನಿಂತರು. ಕಿವಿ ಕೇಳುವ ಬದಿಗೇ ಹೋಗಿ ನಿಂತದ್ದನ್ನು ನಾನು ಗಮನಿಸಿದೆ.

"ಯಜಮಾನ್ರೇ, ಅವನು ಕುಡಿದನಾ? ನೀವು ಹೌದು ಅಂದರೆ ನಾನು ನಾಳೆಯೇ ಫೋನ್ ಮಾಡ್ತೇನೆ."

ಮಾವನ ಒಂದು ಮಾತು ಸಾಕಿತ್ತು. ತಲೆ ಒಡೆದವನನ್ನು ಜೈಲಿಗೆ ಕಳಿಸಲು ಅವರಿಗೆ ಅಷ್ಟು ಸುಲಭದ ದಾರಿ ಮತ್ತೆ ಸಿಗುತ್ತಿರಲಿಲ್ಲ. ಅವರು ಮಡಕೆಯನ್ನು ಕೆಳಗಿಟ್ಟರು, ಹೆಗಲ ಬೈರಾಸಿನಿಂದ ಕೈ ಒರೆಸಿಕೊಂಡರು. ಅಷ್ಟು ನಿಧಾನವಾಗಿ ಯಾರಾದರೂ ಕೈ ಒರೆಸಿಕೊಂಡದ್ದನ್ನು ನಾನು ಕಂಡಿಲ್ಲ.

"ಇಲ್ಲ" ಎಂದರು. "ನನ್ನ ಕೈಯಿಂದ ಎರಡೂ ಕೈಯಲ್ಲಿ ತೆಕ್ಕೊಂಡ. ಹಣೆಗೆ ಮುಟ್ಟಿಸಿದ. ನನ್ನ ಪಾಲೂ ನಿನಗೇ ಇರಲಿ ಅಜ್ಜಾ ಅಂತ ಕಟ್ಟೆಯ ಕಲ್ಲಿಗೆ ಹಾಕಿದ. ಕೈ ನಡುಗಿ ಅರ್ಧ ಮೈಮೇಲೆ ಚೆಲ್ಲಿತು. ಅಜ್ಜನ ಎದುರು ಆದದ್ದು ಬಾಯಮ್ಮ, ಸುಳ್ಳು ಹೇಳುವ ಹಾಗಿಲ್ಲ."

ಹೇಳಿ ಒಳಗೆ ಹೋದರು. ಅಣ್ಣನ ಜೊತೆ ಆ ದಿನವೂ ಮಾತಾಡಲಿಲ್ಲ. ಆದರೆ ಊಟಕ್ಕೆ ಕೂತಾಗ ತಮ್ಮ ಪಕ್ಕದಲ್ಲಿ ಒಂದು ಎಲೆ ಹಾಕಿಸಿದರು. ತೊಳೆದು ಬಂದ ಅಣ್ಣನ ಬಾಯಿಯನ್ನು ಬಾಯಮ್ಮ ಮತ್ತೊಮ್ಮೆ ನೋಡಿ "ಬಾ" ಎಂದರು. ಅಮ್ಮ ಅವರಿಗೆ ಬೇರೆಯೇ ಗಂಜಿ ಬಡಿಸಿದಳು. ಎರಡು ಸಲ ಬಟ್ಟಲು ಎತ್ತಿದವರು ಒಂದು ಗುಟುಕೂ ಕುಡಿಯದೆ ಕೆಳಗಿಟ್ಟು, ಜಪಮಣಿಯನ್ನು ಮತ್ತೆ ಮುಷ್ಟಿಯೊಳಗೆ ಹಿಡಿದುಕೊಂಡರು. ಈ ಹೆಂಗಸಿಗೂ ಹೆದರಿಕೆ ಎಂಬುದಿದೆ ಎಂದು ನನಗೆ ಆಗ ತಿಳಿಯಿತು. ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಯೇ ಇಳಿಯಿತು.

ಬಾಂಡಿನ ಅವಧಿ ಮುಗಿದರೂ ಅಣ್ಣ ಮೂಡುಬಿದಿರೆ ಬಿಡಲಿಲ್ಲ. ಗ್ಯಾರೇಜಿನಲ್ಲೇ ಉಳಿದ, ದಿನಾ ಸಂಜೆ ಆ ಹೊಸ್ತಿಲಿಗೆ ಹೋಗಿ "ಬಂದೆ" ಎಂದು ಹೇಳಿಯೇ ತನ್ನ ರೂಮಿಗೆ ಹೋಗುತ್ತಿದ್ದ. ನಾನು ಮದುವೆಯಾಗಿ ಮಾಣಿಗೆ ಬಂದೆ. ಸರಕಾರ ಸಾರಾಯಿ ನಿಲ್ಲಿಸಿದಾಗ ಬಾಯಮ್ಮನನ್ನು ನೋಡಲು ಹೋಗಿದ್ದೆ. ಇನ್ನು ನಿಮಗೆ ಕೆಲಸ ಇಲ್ಲ ಎಂದು ತಮಾಷೆ ಮಾಡಿದೆ. "ಅಂಗಡಿ ಮುಚ್ಚಿದರೆ ಬಾಯಿ ಮುಚ್ಚುತ್ತದಾ ಹುಡುಗಿ?" ಎಂದು ನಕ್ಕರು. ಅದೇ ಕೊನೆಯ ನಗು ನಾನು ಕಂಡದ್ದು...

ಅವರು ಹೋದದ್ದೂ ಒಂದು ಗೇರಿನ ಕಾಲದಲ್ಲಿ. ಪೆಟ್ಟಿಗೆಯನ್ನು ಒಳಗೆ, ಬೆಂಚಿದ್ದ ಜಾಗದಲ್ಲಿ ಇಟ್ಟಿದ್ದರು. ಬಂಟ್ವಾಳ, ಬೆಳ್ತಂಗಡಿ ಎಲ್ಲೆಲ್ಲಿಂದಲೋ ಹಿಂದೆ ಆ ಮನೆಯಲ್ಲಿದ್ದ ಗಂಡಸರು ಬಂದಿದ್ದರು. ಮೀನು ಮಾರುವ ಬ್ಯಾರಿಯೊಬ್ಬರು ಮೊದಲು ಹೋಗಿ, ಅವರ ಮುಖದ ಹತ್ತಿರ ಬಾಗಿ, "ಬಾಯಮ್ಮ, ಬಂದೆ" ಎಂದರು. ಹಿಂದಿನವನೂ ಹಾಗೇ ಹೇಳಿದ. ಅವನ ಹಿಂದಿನವನೂ. ಪಾದ್ರಿಯವರು ಅರ್ಥವಾಗದೆ ಪುಸ್ತಕ ಮುಚ್ಚಿ ಕಾದರು. ನಾನು ಅಣ್ಣನನ್ನು ಹುಡುಕಿದೆ. ಸಾಲಿನಲ್ಲಿ ಅವನಿರಲಿಲ್ಲ.

ಗೇಟಿನ ಹೊರಗೆ ನಿಂತಿದ್ದ, ಬೈರಾಸನ್ನು ಬಾಯಿಗೆ ಒತ್ತಿಕೊಂಡು.

"ನಾನು ಒಳಗೆ ಬರುವ ಹಾಗಿಲ್ಲ, ತಂಗಿ" ಎಂದ, ಮುಖ ಆಚೆ ತಿರುಗಿಸಿ. ನನಗೆ ವಾಸನೆ ಬಂತು. ಅಷ್ಟು ವರ್ಷ ಮುಟ್ಟದವನು ಅವರು ಹೋದ ಸುದ್ದಿ ಕೇಳಿ ಕುಡಿದಿದ್ದ. ನಾನು ಬೈಯಲಿಲ್ಲ, ಒಳಗೆ ಕರೆಯಲೂ ಇಲ್ಲ. ಪೆಟ್ಟಿಗೆ ಗೇಟು ದಾಟುವಾಗ ಅಣ್ಣ ಗೋಡೆಯ ಕಡೆ ತಿರುಗಿ, ಅದು ದೂರ ಹೋಗುವವರೆಗೂ ಉಸಿರು ಬಿಗಿಹಿಡಿದು ನಿಂತಿದ್ದ.

ಈಗ ಆ ಮನೆಯಿಲ್ಲ, ಮರಗಳೂ ಇಲ್ಲ. ಅಣ್ಣ ನಮ್ಮ ಮನೆಯ ಪಕ್ಕದ ಕೋಣೆಯಲ್ಲಿದ್ದಾನೆ, ಹೆದ್ದಾರಿಯ ಟಯರ್ ಅಂಗಡಿಯಲ್ಲಿ ಕೆಲಸ. ಬಿಟ್ಟಿದ್ದಾನೆ, ಜಾರಿದ್ದಾನೆ, ಮತ್ತೆ ಬಿಟ್ಟಿದ್ದಾನೆ. ಸಂಜೆ ನಮ್ಮ ಹೊಸ್ತಿಲಿಗೆ ಬಂದು "ಬಂದೆ" ಎನ್ನುತ್ತಾನೆ. ನಾನು ಕೇಳಿದ್ದಲ್ಲ, ಅವನೇ ಶುರು ಮಾಡಿದ್ದು.

ಮೊನ್ನೆ ಆ ಕೊಳೆತ ಹಣ್ಣುಗಳನ್ನು ಕಂಡವಳು ಮನೆಗೆ ಹೋಗಿ ಹಾರೆ ತಂದೆ. ಅಣ್ಣ ದಿನಾ ಬರುವುದು ಆ ಮರದ ಕೆಳಗಿನಿಂದಲೇ. ಗುಂಡಿ ತೋಡಿ, ಎಲ್ಲವನ್ನೂ ಹೆಕ್ಕಿ ಹಾಕಿ ಹೂಳಿದೆ. ದಾರಿಯಲ್ಲಿ ಹೋಗುವವರು ಈಕೆಗೆ ಏನಾಯಿತು ಎಂಬಂತೆ ನೋಡಿದರು. ಸಂಜೆ ಅಣ್ಣ ಬಂದು ನಿಂತು "ಬಂದೆ" ಎಂದ. ಹತ್ತಿರ ಹೋದೆ. ಹುಳಿ ವಾಸನೆ. ಅದು ಅವನ ಬಾಯದೋ ನನ್ನ ಕೈಯದೋ ತಿಳಿಯಲಿಲ್ಲ. ನಿಲ್ಲು ಎಂದು ಹೇಳಿ ಬಾವಿಯ ಹತ್ತಿರ ಹೋಗಿ, ಸೋಪು ಹಾಕಿ ಕೈ ತೊಳೆದು ಬಂದೆ. ಅವನು ಅಲ್ಲೇ ನಿಂತಿದ್ದ. ಮತ್ತೆ ಹತ್ತಿರ ಹೋದೆ. ಬೆವರು, ರಬ್ಬರು, ಒಂದಿಷ್ಟು ಬೀಡಿ. ಅಷ್ಟೇ.

"ಬಾ" ಎಂದೆ. ಆ ಮಾತನ್ನು ಅವನು ಕೇಳಬೇಕಾಗಿದ್ದದ್ದು ನನ್ನ ಬಾಯಿಂದಲ್ಲ.